ಸಪ್ಪಳವಿಲ್ಲದ ಗಾಡಿ

ನಮ್ಮ ಮಾವನವರು ಇಳಿಜಾರು ಕಂಡರೆ ಸಾಕು, ಕೀಲಿ ತಿರುಗಿಸಿ ಗಾಡಿಯ ಎಂಜಿನ್ ಬಂದ್ ಮಾಡಿಬಿಡುತ್ತಿದ್ದರು. ಗೇರನ್ನು ನ್ಯೂಟ್ರಲ್‌ಗೆ ತಂದು, ಎರಡೂ ಕೈಯಿಂದ ಸ್ಟೇರಿಂಗ್ ಹಿಡಿದು, ಕಣ್ಣು ಕಿರಿದು ಮಾಡಿ ಕೂತರೆಂದರೆ ಪೂಜೆಗೆ ಕೂತ ಹಾಗೆ. ಅವರದು ಇಳಕಲ್ಲಿನಲ್ಲಿ ಸೀರೆ ವ್ಯಾಪಾರ. ಬಾಗಲಕೋಟೆಯ ಡಾಕ್ಟರರೊಬ್ಬರು ಓಡಿಸಿ ಬಿಟ್ಟ ಹಳೆಯ ಅಂಬಾಸಿಡರ್ ಗಾಡಿಯನ್ನು ಅವರು ಕೊಂಡ ವರ್ಷವೇ ಪೆಟ್ರೋಲು ತುಟ್ಟಿಯಾಯಿತು. ಕೊಂಡದ್ದನ್ನು ಮಾರಲು ಮನಸ್ಸಿಲ್ಲ, ಓಡಿಸಲು ಜೀವ ಒಪ್ಪದು. ಆಗ ಅವರಿಗೆ ಹೊಳೆದದ್ದು ಇಳಿಜಾರು. ‘ಇಳಿಜಾರು ಅಂದ್ರ ದೇವರು ಕೊಟ್ಟ ಪೆಟ್ರೋಲವ್ವಾ, ಅದನ್ನ ಚೆಲ್ಲಬಾರದು’ ಎಂದು ನಾನು ಮದುವೆಯಾಗಿ ಬಂದ ವಾರದಲ್ಲೇ ಪಾಠ ಹೇಳಿದ್ದರು.

ಗಾಡಿಯಲ್ಲಿ ಕೂಡುವವರಿಗೂ ನೇಮಗಳಿದ್ದವು. ಎಂಜಿನ್ ಬಂದಾದ ಮೇಲೆ ಮಾತಾಡುವಂತಿಲ್ಲ, ಟಾಯರಿನ ಸಪ್ಪಳ ಕೇಳಿ ಅವರು ವೇಗದ ಅಂದಾಜು ಮಾಡುತ್ತಿದ್ದರು. ಕಿಟಕಿಯ ಗಾಜು ಇಳಿಸುವಂತಿಲ್ಲ, ಗಾಳಿ ಒಳಹೊಕ್ಕು ಗಾಡಿಯನ್ನು ಹಿಂದಕ್ಕೆ ಜಗ್ಗುತ್ತದಂತೆ. ಎದುರಿಗೆ ಸಣ್ಣ ಏರು ಬಂದರೆ ಎಲ್ಲರೂ ಒಟ್ಟಿಗೆ ಮುಂದಕ್ಕೆ ಬಾಗಬೇಕು. ‘ಬಾಗ್ರಿ’ ಎಂದು ಅವರು ಅಂದರೆ ಮುಂದಿನ ಸೀಟಿನಲ್ಲಿದ್ದ ನನ್ನ ಗಂಡ ಡ್ಯಾಶ್‌ಬೋರ್ಡಿಗೆ ಹಣೆ ಹಚ್ಚುತ್ತಿದ್ದರು, ಹಿಂದೆ ಕೂತ ನಾನು ಅವರ ಸೀಟಿನ ಬೆನ್ನಿಗೆ ಹಚ್ಚುತ್ತಿದ್ದೆ. ಎದುರಿನಿಂದ ಬರುವವರಿಗೆ ನಾವು ಯಾವ ದೇವರಿಗೆ ಅಡ್ಡಬೀಳುತ್ತಿದ್ದೇವೆ ಎಂದು ಆಶ್ಚರ್ಯವಾಗಿರಬೇಕು. ಮೊದಲ ಸಲ ನನಗೆ ನಗು ತಡೆಯಲಾಗಲಿಲ್ಲ. ಮಾವನವರು ಬೈಯಲಿಲ್ಲ. ಏರು ದಾಟಿದ ಮೇಲೆ ಕನ್ನಡಿಯಲ್ಲಿ ನನ್ನನ್ನು ನೋಡಿ, ‘ದಾಟಿತಿಲ್ಲೋ?’ ಎಂದರು. ದಾಟಿದ್ದು ಖರೆಯೇ ಆಗಿತ್ತು.

ಇಳಕಲ್ಲಿನಿಂದ ಬಾದಾಮಿಯ ತನಕ ಇದ್ದಬದ್ದ ಇಳಿಜಾರುಗಳೆಲ್ಲ ಅವರಿಗೆ ಬಾಯಿಪಾಠ. ‘ಹುನಗುಂದದ ಇಳಿಜಾರು ಬಡವ. ಅಮೀನಗಡದ್ದು ಲುಚ್ಚಾ, ಅರ್ಧಕ್ಕ ಕೈ ಕೊಡ್ತೈತಿ. ಗುಳೇದಗುಡ್ಡ ದಾಟಿದ ಮ್ಯಾಲಿಂದು ಮಾತ್ರ ಸಾವ್ಕಾರ’ ಎನ್ನುತ್ತಿದ್ದರು. ಕೇಳುವವರು ಬೀಗರ ಮನೆತನಗಳ ಸುದ್ದಿ ನಡೆದಿದೆ ಎಂದುಕೊಳ್ಳಬೇಕು.

ನಾನು ಆ ಮನೆಗೆ ಬಂದು ಒಂದೂವರೆ ವರ್ಷಕ್ಕೆ ಅತ್ತೆಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು, ಮಾತು ತೊದಲಾಯಿತು. ಆಕೆಗೆ ಉಣಿಸುವುದು, ಹೊರಳಿಸುವುದು, ಮೈ ತೊಳೆಯುವುದು ಎಲ್ಲ ನನ್ನ ಪಾಲಿಗೆ ಬಂತು. ಬೇಸರದಿಂದ ಮಾಡಿದೆ ಎಂದರೆ ಸುಳ್ಳಾಗುತ್ತದೆ, ಅತ್ತೆ ಒಳ್ಳೆಯ ಹೆಂಗಸು. ಆದರೆ ಹೊಸ್ತಿಲು ದಾಟುವುದು ಮಾತ್ರ ಅಲ್ಲಿಗೆ ನಿಂತಿತು. ಹೊರಗೆ ಓಣಿ ತುಂಬ ಮಗ್ಗದ ಸಪ್ಪಳ, ಒಳಗೆ ಅತ್ತೆಯ ಉಸಿರಿನ ಸಪ್ಪಳ. ನಾಗರಪಂಚಮಿಗೆ ಓಣಿಯ ಸೊಸೆಯರೆಲ್ಲ ತವರಿಗೆ ಹೋಗಿ ಜೋಕಾಲಿ ಆಡಿ ಬಂದರು. ನಾನು ಎರಡು ಪಂಚಮಿ ಆ ಮನೆಯ ತೊಲೆ ನೋಡುತ್ತ ಕಳೆದೆ.

ಮಾವನವರು ಅತ್ತೆಯ ಸಲುವಾಗಿ ಪ್ರತಿ ಅಮವಾಸ್ಯೆಗೆ ಬಾದಾಮಿ ಹತ್ತಿರದ ಶಿವಯೋಗ ಮಂದಿರಕ್ಕೆ ಬರುತ್ತೇನೆಂದು ಹರಕೆ ಹೊತ್ತರು. ಅತ್ತೆಯ ಬದಲು ಮನೆಯ ಹೆಣ್ಣುಮಗಳೊಬ್ಬಳು ತಲೆಬಾಗಬೇಕು, ಅದಕ್ಕೆ ನಾನು. ಆ ಒಂದು ದಿನ ಬಾಜೂ ಮನೆಯ ಮುದುಕಿ ಅತ್ತೆಯ ಹತ್ತಿರ ಕೂಡುತ್ತಿದ್ದಳು. ಬೆಳಿಗ್ಗೆ ಹೊರಟು ಹುನಗುಂದ, ಅಮೀನಗಡ ದಾಟಿ ಗುಳೇದಗುಡ್ಡದಲ್ಲಿ ಅಂಗಡಿಗೆ ಬೇಕಾದ ಕುಬಸದ ಖಣಗಳ ಗಂಟು ಹೇರಿಕೊಂಡು, ಸಾವ್ಕಾರ ಇಳಿಜಾರನ್ನು ಇಳಿದು ಮಂದಿರ ಸೇರುವುದು. ತಿರುಗಿ ಬರುವಾಗ ಆ ದಾರಿ ಹಿಡಿಯುತ್ತಿರಲಿಲ್ಲ. ‘ಇಳದದ್ದನ್ನ ಮತ್ತ ಏರೋದಂದ್ರ ಉಂಡದ್ದನ್ನ ಕಕ್ಕಿದಂಗ’ ಎಂದು ಮಾವನವರು ಪಟ್ಟದಕಲ್ಲು, ಐಹೊಳೆಯ ಮೇಲೆ ಹಾಯ್ದು ಅಮೀನಗಡಕ್ಕೆ ಬಂದು ಸೇರುತ್ತಿದ್ದರು.

ನನ್ನ ತವರು ಇದ್ದದ್ದು ಆ ಸಾವ್ಕಾರ ಇಳಿಜಾರಿನ ಅರ್ಧದಲ್ಲಿ.

ಕೆಂಪು ಕಲ್ಲಿನ ಗುಡ್ಡಗಳ ನಡುವೆ ರಸ್ತೆ ಇಳಿಯುತ್ತ ಇಳಿಯುತ್ತ ಹೋಗಿ ಎಡಗಡೆ ಇಪ್ಪತ್ತು ಮನೆಗಳ ಒಂದು ಊರು ಬರುತ್ತದೆ. ರಸ್ತೆಗೆ ಮುಖ ಮಾಡಿದ ಮೊದಲ ಮನೆ ನಮ್ಮದು. ಅಲ್ಲಿ ಅವ್ವ, ಅಣ್ಣ, ಅತ್ತಿಗೆ ಇದ್ದರು. ಅಣ್ಣ ಕಲ್ಲಿನ ಖಣಿಗೆ, ಅತ್ತಿಗೆ ಹೊಲಕ್ಕೆ ಹೋದರೆ ಹಗಲೆಲ್ಲ ಮನೆಯಲ್ಲಿ ಅವ್ವ ಒಬ್ಬಳೇ. ಮನೆ ದಾಟಿ ಹತ್ತು ಮಾರು ಹೋದರೆ ಹಳ್ಳದ ಮೇಲೊಂದು ಸಣ್ಣ ಸೇತುವೆ. ಅಲ್ಲಿ ರಸ್ತೆ ಎತ್ತಿನ ಹಿಣಿಲಿನ ಹಾಗೆ ಉಬ್ಬಿತ್ತು. ಗಾಡಿ ಆ ಉಬ್ಬನ್ನು ಎಂಜಿನ್ ಇಲ್ಲದೆ ದಾಟಿದರೆ ಮುಂದೆ ಮತ್ತೊಂದು ಇಳಿಜಾರು ಸಿಕ್ಕು ಮೈಲಿಗಟ್ಟಲೆ ಪುಕ್ಕಟೆ ಪ್ರಯಾಣ. ದಾಟದಿದ್ದರೆ ಎಂಜಿನ್ ಹಚ್ಚಬೇಕು, ಮತ್ತು ಎಂಜಿನ್ ಹಚ್ಚಿದ ದಿನ ಮಾವನವರಿಗೆ ದೇವರ ಮುಂದೆ ಕೂತರೂ ಸಮಾಧಾನ ಇರುತ್ತಿರಲಿಲ್ಲ.

ಆ ಉಬ್ಬು ದಾಟಬೇಕೆಂದರೆ ನಮ್ಮ ಮನೆಯ ಮುಂದೆ ಬ್ರೇಕು ಮುಟ್ಟಬಾರದು. ಇಷ್ಟೇ ನೋಡಿ ವಿಷಯ. ಹರಕೆಯ ಮೊದಲ ಅಮವಾಸ್ಯೆಯಂದು ನಾನು ಧೈರ್ಯ ಮಾಡಿ ಕೇಳಿದ್ದೆ.

‘ಮಾವಾರ, ಎರಡು ಮಿನಿಟ ನಿಂದ್ರಸ್ರಿ. ಅವ್ವನ ಮಾತಾಡಿಸಿ ಬರ್ತೇನಿ.’

‘ಹಿಂಗ ಕೇಳೂದಾ ನೀ?’ ಎಂದರು ಅವರು, ಸಿಟ್ಟಿನಿಂದಲ್ಲ, ಸಣ್ಣ ಮಗುವಿಗೆ ತಿಳಿಹೇಳುವ ದನಿಯಲ್ಲಿ. ‘ಇಲ್ಲಿ ನಿಂತ್ರ ಮ್ಯಾಲಿಂದ ಬಂದ ಜೋರೆಲ್ಲ ಮಣ್ಣುಪಾಲಾತಲ್ಲವ್ವಾ. ಪಂಚಮಿಗೆ ಕಳಸ್ತೇನಿ ಬಿಡು.’

ಪಂಚಮಿಯ ಕತೆ ಹೇಳಿದೆನಲ್ಲ.

ಮೊದಲ ಸಲ ಅವ್ವ ಗಾಡಿ ನಿಲ್ಲುತ್ತದೆಂದು ತಿಳಿದು ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದಳು. ನಾವು ಒಂದಿಷ್ಟೂ ಸಪ್ಪಳ ಮಾಡದೆ ಅವಳ ಮುಂದಿನಿಂದ ಜಾರಿ ಹೋದೆವು. ಮುಚ್ಚಿದ ಗಾಜಿನೊಳಗಿಂದ ನಾನು ಕೈ ಎತ್ತಿದೆ. ಅವಳ ಮುಖದ ನಗು ಇನ್ನೂ ಹಾಗೇ ಇತ್ತು, ಕೈಯಲ್ಲಿ ತಟ್ಟೆ ಹಾಗೇ ಇತ್ತು, ಗಾಡಿ ಆಗಲೇ ಉಬ್ಬು ಹತ್ತುತ್ತಿತ್ತು. ‘ಬಾಗ್ರಿ’ ಎಂದರು ಮಾವನವರು. ನಾನು ಬಾಗಿದೆ. ಬಾಗಿದಾಗ ಅಳುವುದು ಸುಲಭ, ಯಾರಿಗೂ ಕಾಣುವುದಿಲ್ಲ.

ಅವ್ವ ಓದಿದವಳಲ್ಲ, ಆದರೆ ದಡ್ಡಿಯಲ್ಲ. ಎರಡನೆಯ ಅಮವಾಸ್ಯೆಗೆ ಅವಳು ಬಾಗಿಲಲ್ಲಿ ಇರಲಿಲ್ಲ. ಗಾಡಿ ಎಲ್ಲಿ ಎಲ್ಲಕ್ಕಿಂತ ಮೆಲ್ಲಗಾಗುತ್ತದೆ ಎಂಬುದನ್ನು ಒಂದೇ ಸಲಕ್ಕೆ ಕಂಡುಕೊಂಡು ಸೇತುವೆಯ ಕಟ್ಟೆಯ ಪಕ್ಕ ಬುತ್ತಿಯ ಗಂಟು ಹಿಡಿದು ನಿಂತಿದ್ದಳು. ನಾನು ನೇಮ ಮುರಿದು ಗಾಜು ಇಳಿಸಿದೆ. ಅವಳು ನಾಲ್ಕು ಹೆಜ್ಜೆ ಗಾಡಿಯ ಜೊತೆ ಓಡಿ ಗಂಟನ್ನು ನನ್ನ ಕೈಗಿಟ್ಟಳು. ಒಳಗೆ ಕಟಿರೊಟ್ಟಿ, ಶೇಂಗಾ ಚಟ್ನಿ, ನನಗೆ ಸೇರುವ ಅಳ್ಳಿಟ್ಟು. ಮುಂದಿನ ತಿಂಗಳು ನಾನು ಅಮೀನಗಡದ ಕರದಂಟಿನ ಪೊಟ್ಟಣ ಅವಳ ಕೈಗೆ ಕೊಟ್ಟೆ. ಮಾವನವರು ಇದಕ್ಕೊಂದು ರಿಯಾಯಿತಿ ಮಾಡಿದರು. ‘ಒಂದ ಗಾಜು, ಅದೂ ಅರ್ಧ’ ಎಂದರು.

ಎಂಜಿನ್ ಬಂದಾಗಿದ್ದರಿಂದ ಒಂದು ಅನುಕೂಲವೂ ಇತ್ತು. ಅವ್ವನ ಮಾತು ಸ್ಪಷ್ಟ ಕೇಳುತ್ತಿತ್ತು. ನಾಲ್ಕು ಹೆಜ್ಜೆಯಲ್ಲಿ ಅವಳದೊಂದು ಮಾತು, ನನ್ನದೊಂದು ಮಾತು, ಅದಕ್ಕಿಂತ ಹೆಚ್ಚು ಹಿಡಿಯುತ್ತಿರಲಿಲ್ಲ. ಹೀಗಾಗಿ ನಮ್ಮ ಮಾತುಕತೆ ತಿಂಗಳಿಗೊಂದು ಮಾತಿನಂತೆ ನಡೆಯಿತು. ಒಂದು ಅಮವಾಸ್ಯೆಗೆ ‘ಸೊರಗೀಯಲ್ಲ’ ಎಂದಳು. ‘ಇಲ್ಲವ್ವಾ, ಆರಾಮ ಅದೀನಿ’ ಎಂದು ನಾನು ಕೂಗುವಷ್ಟರಲ್ಲಿ ಉಬ್ಬು ಬಂತು. ಮುಂದಿನ ಅಮವಾಸ್ಯೆಗೆ ಅವಳು, ‘ಸುಳ್ಳ ಹೇಳಬ್ಯಾಡ’ ಎಂದಳು, ನಡುವೆ ಒಂದು ತಿಂಗಳು ಕಳೆದೇ ಇಲ್ಲ ಎನ್ನುವ ಹಾಗೆ. ಇಡೀ ತಿಂಗಳು ನಾನು ಅತ್ತೆಯ ಕಾಲು ತಿಕ್ಕುತ್ತ ಮುಂದಿನ ಒಂದು ಮಾತು ಯಾವುದಿರಬೇಕೆಂದು ಆರಿಸುತ್ತಿದ್ದೆ. ನೂರು ಮಾತು ಇದ್ದಾಗ ಒಂದನ್ನು ಆರಿಸುವುದಿದೆಯಲ್ಲ, ಅದು ಮೂಕರಾಗಿರುವುದಕ್ಕಿಂತ ಕಷ್ಟ.

ಎರಡನೆಯ ವರ್ಷದ ಬೇಸಿಗೆಯಲ್ಲಿ ಅವ್ವನ ಕೈಯಿಂದ ಗಂಟು ತಪ್ಪಿತು. ನಾನು ಕೈ ಚಾಚಿದ್ದೆ, ಅವಳೂ ಚಾಚಿದ್ದಳು, ನಡುವೆ ಒಂದು ಗೇಣು ಅಂತರ. ಅವಳು ಗಂಟನ್ನು ನನ್ನ ಕೈಗಿಡದೆ ಗಾಳಿಗಿಟ್ಟಳು. ರೊಟ್ಟಿಗಳು ರಸ್ತೆಯ ಮೇಲೆ ಚದುರಿದವು. ಹಿಂದಿನ ಗಾಜಿನಿಂದ ತಿರುಗಿ ನೋಡಿದೆ. ಅವಳು ಕೂತು ಕೈಯಿಂದ ನೆಲ ತಡವುತ್ತಿದ್ದಳು. ಎದುರಿಗೇ ಬಿದ್ದ ರೊಟ್ಟಿಯನ್ನು ಬಿಟ್ಟು ಬಗಲಿಗೆ ಹುಡುಕುತ್ತಿದ್ದಳು.

ಮುಂದಿನ ಅಮವಾಸ್ಯೆಗೆ ನಾನು ಆರಿಸಿಕೊಂಡ ಮಾತು ಒಂದೇ. ‘ಅವ್ವಾ, ಕಣ್ಣಿಗೇನಾಗೈತಿ?’

‘ಪೊರಿ ಬಂದೈತ್ಯಂತ’ ಎಂದಳು. ಉಬ್ಬು ಬಂತು.

ಉಳಿದದ್ದನ್ನು ಅಣ್ಣ ಇಳಕಲ್ಲಿಗೆ ಬಂದು ಹೇಳಿದ. ಬಾಗಲಕೋಟೆಯ ಕಣ್ಣಿನ ದವಾಖಾನೆಗೆ ತೋರಿಸಿದ್ದರು. ಎರಡೂ ಕಣ್ಣಿಗೆ ಪೊರೆ, ಎಡಗಣ್ಣಿನದು ಆಗಲೇ ಭಾಳ ಬಲಿತಿದೆ, ಈ ಚಳಿಗಾಲದೊಳಗೆ ಆಪರೇಶನ್ ಮಾಡಿಸದಿದ್ದರೆ ಕಣ್ಣು ಉಳಿಯುವುದಿಲ್ಲ ಎಂದಿದ್ದರು. ಆಗ ಈಗಿನ ಹಾಗಲ್ಲ. ಕಣ್ಣು ಕಟ್ಟಿ ದಿನಗಟ್ಟಲೆ ಅಲುಗದೆ ಮಲಗಿಸುತ್ತಿದ್ದರು, ಆಮೇಲೆ ಒಂದು ತಿಂಗಳು ಒಲೆಯ ಹೊಗೆ ಬಡಿಯಬಾರದು, ಬಗ್ಗಬಾರದು, ಕೆಮ್ಮಲೂಬಾರದು. ಹಗಲೂ ರಾತ್ರಿ ಒಬ್ಬರು ಬಗಲಲ್ಲಿ ಇರಬೇಕು. ಅತ್ತಿಗೆಗೆ ಆಗ ದಿನ ತುಂಬಿದ್ದವು. ‘ಮಗಳು ಬಂದ್ರ ಮಾಡಿಸ್ಕೋತೇನಿ, ಇಲ್ಲಾಂದ್ರ ಇದ್ದಷ್ಟು ಕಾಣ್ಲಿ’ ಎಂದು ಅವ್ವ ಹಟ ಹಿಡಿದು ಕೂತಿದ್ದಳು.

ಮಾವನವರು ಅಣ್ಣನಿಗೆ ಚಹಾ ಕೊಡಿಸಿದರು, ಎಲ್ಲ ಕೇಳಿದರು, ಅತ್ತೆ ಮಲಗಿದ ಕೋಣೆಯ ಕಡೆ ನೋಡಿದರು. ‘ಒಂದು ತಿಂಗಳು ಈಕೀನ ಬಿಟ್ರ ಆಕಿ ಬಾಯಾಗ ನೀರು ಯಾರು ಹಾಕ್ಬೇಕು ಹೇಳಪಾ. ನೋಡೋಣ, ಮುಂದಿನ ತಿಂಗಳು ನೋಡೋಣ’ ಎಂದರು. ಅವರು ಕೆಟ್ಟವರಲ್ಲ, ಅದೇ ನನ್ನ ಸಂಕಟ. ಕೆಟ್ಟವರಾಗಿದ್ದರೆ ಜಗಳಾಡಿ ಹೊರಬೀಳಬಹುದಿತ್ತು. ಅವರು ಪ್ರತಿದಿನ ಬೆಳಿಗ್ಗೆ ಅತ್ತೆಯ ಹಣೆಗೆ ತಾವೇ ವಿಭೂತಿ ಹಚ್ಚುತ್ತಿದ್ದರು, ತಲೆ ಬಾಚುತ್ತಿದ್ದರು. ನನ್ನ ಗಂಡ ಅಪ್ಪನ ಮಾತಿಗೆ ಎದುರಾಡಿದವರಲ್ಲ. ‘ನೀವರ ಒಂದು ಮಾತು ಹೇಳ್ರಿ’ ಎಂದರೆ, ‘ಹೇಳ್ತೇನಿ’ ಎಂದು ಅಂಗಡಿಗೆ ಹೋಗುತ್ತಿದ್ದರು. ಅತ್ತ ಅವ್ವ, ಇತ್ತ ಅತ್ತೆ, ನಡುವೆ ನಾನು. ಬೈಯಲು ಒಬ್ಬರೂ ಸಿಗಲಿಲ್ಲ.

ಮುಂದಿನ ತಿಂಗಳು ಎಂಬುದು ಮೂರು ಸಲ ಬಂದು ಹೋಯಿತು. ಪ್ರತಿ ಸಲವೂ ಅವ್ವ ಸೇತುವೆಯ ಹತ್ತಿರ ಇರುತ್ತಿದ್ದಳು. ಒಂದು ಸಲ ನಾವು ಬಂದದ್ದೇ ಅವಳಿಗೆ ತಿಳಿಯಲಿಲ್ಲ. ತಿಳಿಯುವುದಾದರೂ ಹೇಗೆ? ಬಸ್ಸಾದರೆ ಗುರುಗುಡುತ್ತದೆ, ಚಕ್ಕಡಿಯಾದರೆ ಗೆಜ್ಜೆ. ನಮ್ಮದು ಬೆಕ್ಕಿನ ಹಾಗೆ ಬರುವ ಗಾಡಿ. ‘ಅವ್ವಾ’ ಎಂದು ಕೂಗಿದೆ. ಅವಳು ಗಾಬರಿಯಾಗಿ ಗಾಡಿ ಬಂದ ದಿಕ್ಕಿಗೆ ಮುಖ ತಿರುಗಿಸಿದಳು. ನಾವು ಆಗಲೇ ಮುಂದೆ ಹೋಗಿದ್ದೆವು. ಅವಳು ಖಾಲಿ ರಸ್ತೆಗೆ ಗಂಟು ಚಾಚಿ ನಿಂತದ್ದನ್ನು ನಾನು ಹಿಂದಿನ ಗಾಜಿನಲ್ಲಿ ನೋಡಿದೆ. ‘ಒಂದ ಸಲ ಹಾರ್ನ್ ಹೊಡೀರಿ ಮಾವಾರ, ಆಕೀಗೆ ತಿಳಿವಲ್ದು’ ಎಂದೆ. ‘ಮುಂದಿನ ಸಲ ಹೊಡ್ಯೋಣವ್ವಾ. ಈಗ ಬಾಗು’ ಎಂದರು.

ಅಂದು ನಾನು ಬಾಗಲಿಲ್ಲ.

ನೆಟ್ಟಗೆ ಕೂತೆ. ಮುಂದಿನ ಅಮವಾಸ್ಯೆಗೆ ಇನ್ನೊಂದು ಹೆಜ್ಜೆ ಮುಂದೆ ಹೋದೆ. ಅವರಿಬ್ಬರೂ ಮುಂದಕ್ಕೆ ಬಾಗಿದಾಗ ನಾನು ಎರಡೂ ಕಾಲುಗಳನ್ನು ಮುಂದಿನ ಸೀಟಿನ ಬುಡಕ್ಕೆ ಒತ್ತಿ ಬೆನ್ನನ್ನು ಹಿಂದಕ್ಕೆ ಒಗೆದೆ. ಮುಂದೆ ಬಾಗಿದರೆ ಗಾಡಿ ದಾಟುತ್ತದೆ ಎನ್ನುವುದಾದರೆ ಹಿಂದೆ ಬಾಗಿದರೆ ನಿಲ್ಲಬೇಕಲ್ಲ? ನಗಬೇಡಿ, ಎರಡು ವರ್ಷ ಆ ಗಾಡಿಯಲ್ಲಿ ಕೂತವಳಿಗೆ ಅದರ ಶಾಸ್ತ್ರದಲ್ಲಿ ನಂಬಿಕೆ ಬಂದುಬಿಟ್ಟಿತ್ತು. ಗಾಡಿ ಮಾತ್ರ ನಿಲ್ಲಲಿಲ್ಲ. ಆಗ ನಾನು ಇದ್ದದ್ದೇ ಒಂದು ಹಿಡಿ.

ಚಳಿಗಾಲ ಬಂತು. ಇನ್ನೊಂದು ಅಮವಾಸ್ಯೆಯ ಬೆಳಿಗ್ಗೆ ಅತ್ತೆಗೆ ಗಂಜಿ ಕುಡಿಸುತ್ತಿದ್ದೆ. ಆಕೆ ಬಾಯಿ ಮುಚ್ಚಿಕೊಂಡಳು. ನೆಟ್ಟಗಿದ್ದ ಎಡಗೈಯಿಂದ ನನ್ನ ಕೈಯಲ್ಲಿದ್ದ ಚಮಚ ಇಸಿದುಕೊಂಡು ತಾನೇ ಬಾಯಿಗೆ ಒಯ್ದಳು. ಅರ್ಧ ಗಂಜಿ ಎದೆಯ ಮೇಲೆ ಚೆಲ್ಲಿತು. ಇನ್ನೊಂದು ಚಮಚ ಎತ್ತಿದಳು. ಅದೂ ಚೆಲ್ಲಿತು, ಆದರೆ ಅಷ್ಟಲ್ಲ. ಆಮೇಲೆ ನನ್ನನ್ನು ನೋಡಿ ಕಷ್ಟಪಟ್ಟು ಒಂದೊಂದೇ ಅಕ್ಷರ ಹೊರಗೆ ಹಾಕಿದಳು. ‘ನಿಮ್ಮವ್ವನ... ಕಡೆ... ಹೋಗು.’ ಅಣ್ಣ ಬಂದ ದಿನ ಆ ಕೋಣೆಯಲ್ಲಿ ಮಲಗಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ನಾನು ಆಕೆಯ ಎದೆ ಒರೆಸಿ, ಸೀರೆ ಬದಲಿಸಿ, ಗಾಡಿ ಹತ್ತಿದೆ.

ಗುಳೇದಗುಡ್ಡ ದಾಟಿ ಎಂಜಿನ್ ಬಂದಾಯಿತು. ಸಾವ್ಕಾರ ಇಳಿಜಾರಿನ ಎರಡನೆಯ ತಿರುವಿನಲ್ಲಿ ರಸ್ತೆ ತುಂಬ ಕುರಿ. ಬೀರಪ್ಪನ ಒಕ್ಕಲಿನ ಕುರುಬರು ಹಿಂಡು ಹೊಡೆದುಕೊಂಡು ಗುಡ್ಡ ಇಳಿಯುತ್ತಿದ್ದರು. ಮಾವನವರು ಕೊನೆಯ ಗಳಿಗೆಯ ತನಕ ಬ್ರೇಕು ಮುಟ್ಟಲಿಲ್ಲ. ಕುರಿಗಳಿಗೆ ನಮ್ಮ ಗಾಡಿ ಬಂದದ್ದು ಕೇಳಬೇಕಲ್ಲ? ಅವು ಹಿಂತಿರುಗಿಯೂ ನೋಡಲಿಲ್ಲ. ಕಡೆಗೆ ಮಾವನವರು ಬ್ರೇಕು ಒತ್ತಿದರು, ಗಾಡಿ ನಡೆಯುವವರ ವೇಗಕ್ಕೆ ಬಂತು. ಕುರಿ ಸರಿದ ಮೇಲೆ ಮತ್ತೆ ಜಾರಿತು, ಆದರೆ ಮೊದಲಿನ ಜೋರು ಇರಲಿಲ್ಲ. ಮನೆ ಬಂತು, ಮನೆ ದಾಟಿತು. ಸೇತುವೆಯ ಕಟ್ಟೆಯ ಪಕ್ಕ ಅವ್ವ ನಿಂತಿದ್ದಳು, ನಮ್ಮನ್ನಲ್ಲ, ಹೊಲದ ಕಡೆ ನೋಡುತ್ತ.

‘ಬಾಗ್ರಿ, ಬಾಗ್ರಿ’ ಎಂದರು ಮಾವನವರು. ಅವರು ಸ್ಟೇರಿಂಗಿಗೆ ಎದೆ ಹಚ್ಚಿ ನೂಕಿದರು. ನನ್ನ ಗಂಡ ಹಣೆ ಹಚ್ಚಿದರು. ನಾನು ಖಣದ ಗಂಟುಗಳೆರಡನ್ನೂ ತೊಡೆಯ ಮೇಲೆ ಎಳೆದುಕೊಂಡು, ಕಾಲು ಒತ್ತಿ, ಹಲ್ಲು ಕಚ್ಚಿ ಹಿಂದಕ್ಕೆ ಬಿದ್ದೆ. ಉಬ್ಬಿನ ನೆತ್ತಿಗೆ ಇನ್ನೆರಡು ಮಾರು ಇರುವಾಗ ಗಾಡಿ ನಿಂತಿತು. ನಿಲ್ಲಿಸಿದ್ದು ಕುರಿಗಳೋ ನಾನೋ ನನಗೆ ಇಂದಿಗೂ ಗೊತ್ತಿಲ್ಲ. ಮಾವನವರು ಸಾಯುವ ತನಕ ಕುರಿಗಳನ್ನೇ ಬೈದರು.

ಎರಡು ಮಾರಿಗಾಗಿ ಎಂಜಿನ್ ಹಚ್ಚುವ ಆಸಾಮಿ ಅವರಲ್ಲ. ‘ಇಳೀರಿ, ನೂಕ್ರಿ’ ಎಂದರು. ನನ್ನ ಗಂಡ ಒಂದು ಕಡೆ, ನಾನು ಒಂದು ಕಡೆ ಡಿಕ್ಕಿಗೆ ಕೈ ಹಚ್ಚಿದೆವು. ‘ಅವ್ವಾ, ನಾ ಬಂದೀನಿ’ ಎಂದೆ. ಅವಳು ದನಿ ಹಿಡಿದು ಬಂದು, ಗಂಟನ್ನು ಸೇತುವೆಯ ಕಟ್ಟೆಯ ಮೇಲಿಟ್ಟು, ಗಾಡಿಯನ್ನು ತಡವಿ ನನ್ನ ಬಗಲಲ್ಲಿ ತಾನೂ ಕೈ ಹಚ್ಚಿದಳು. ಎರಡು ವರ್ಷದಲ್ಲಿ ಅವಳ ಮೈ ನನ್ನ ಮೈಗೆ ತಾಗಿದ್ದು ಅದೇ ಮೊದಲು. ಒಲೆಯ ಹೊಗೆಯ ವಾಸನೆ, ಹುರಿದ ಶೇಂಗಾದ ವಾಸನೆ.

‘ಕಣ್ಣು ಹೆಂಗ ಅದಾವಬೇ?’ ಎಂದೆ ನೂಕುತ್ತ.

‘ಅಷ್ಟೇನಿಲ್ಲ, ಸ್ವಲ್ಪ ಮಬ್ಬು.’

‘ನನ್ನ ಗುರುತು ಸಿಗತೈತೇನ?’

‘ಸಿಗದ ಏನವ್ವಾ. ಹೊಟ್ಟ್ಯಾಗ ಹುಟ್ಟಿದಾಕಿ.’ ಉಸಿರು ತೆಗೆದುಕೊಂಡು ನಕ್ಕಳು. ‘ಸಪ್ಪಳಿಲ್ಲದ್ದು ಏನು ಬಂದ್ರೂ ನಿಮ್ಮ ಗಾಡಿ ಅಂತ ತಿಳೀತೇನಿ. ಹ್ವಾದ ಅಮಾಸಿಗೆ ಸೈಕಲ್ಲಿನಾಂವ ಬಂದ. ಗಂಟು ಮುಂದ ಮಾಡಿದೆ. ಇಸ್ಕೊಂಡು ಹೋದ ನೋಡು.’

ಅಷ್ಟರಲ್ಲಿ ಕೈ ಕೆಳಗಿನ ಗಾಡಿ ಹಗುರಾಯಿತು. ಉಬ್ಬಿನ ನೆತ್ತಿ ದಾಟಿ ಅದು ತಾನಾಗಿ ಹೊರಳತೊಡಗಿತು. ‘ಹತ್ರಿ, ಹತ್ರಿ ಜಲ್ದಿ’ ಎಂದು ಮಾವನವರು ಒಳಗಿಂದ ಕೂಗಿದರು. ನನ್ನ ಗಂಡ ಓಡಿ ಮುಂದಿನ ಬಾಗಿಲು ಹಿಡಿದು ಜಿಗಿದು ಕೂತರು. ಹಿಂದಿನ ಬಾಗಿಲು ನನ್ನ ಸಲುವಾಗಿ ತೆರೆದೇ ಇತ್ತು. ಎಂಟು ಹೆಜ್ಜೆ ಓಡಿದ್ದರೆ ಹತ್ತಬಹುದಿತ್ತು. ನಾಲ್ಕು ಹೆಜ್ಜೆ ಓಡಿದೆ ಕೂಡ, ರೂಢಿ ನೋಡಿ. ಆಮೇಲೆ ನಿಂತೆ. ಗಂಡ ಕುತ್ತಿಗೆ ಹೊರಹಾಕಿ, ‘ಬಾ, ಬಾ’ ಎನ್ನುತ್ತಿದ್ದರು. ನಾನು ಅಲ್ಲಾಡಲಿಲ್ಲ. ಗಾಡಿಯೂ ನಿಲ್ಲಲಿಲ್ಲ. ಇಳಿಜಾರಿನಲ್ಲಿ ಮಾವನವರು ಬ್ರೇಕು ಮುಟ್ಟುವುದಿಲ್ಲ ಎಂಬುದನ್ನು ನನ್ನಷ್ಟು ಬಲ್ಲವರು ಯಾರಿದ್ದಾರೆ? ತೆರೆದ ಬಾಗಿಲು ಒಂದೆರಡು ಸಲ ಬಡಿದುಕೊಂಡಿತು, ತಿರುವಿನಲ್ಲಿ ಗಾಡಿ ಮರೆಯಾಯಿತು.

ಆಮೇಲಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ಬಾಗಲಕೋಟೆಯಲ್ಲಿ ಆಪರೇಶನ್ ಆಯಿತು. ಬಲಗಣ್ಣು ಉಳಿಯಿತು. ಎಡಗಣ್ಣಿಗೆ ನಾವು ತಡ ಮಾಡಿದ್ದೆವು, ಅದು ಹೋಯಿತು. ಯಾವ ‘ಮುಂದಿನ ತಿಂಗಳಿ’ನಲ್ಲಿ ಅದು ಹೋಯಿತೋ ಎಂದು ನಾನು ಇಂದಿಗೂ ಲೆಕ್ಕ ಹಾಕುತ್ತೇನೆ, ಆಗ ಸಿಟ್ಟು ಬರುತ್ತದೆ, ಹೆಚ್ಚಿನ ಪಾಲು ನನ್ನ ಮೇಲೇ. ಮೊದಲ ಅಮವಾಸ್ಯೆಗೇ ಇಳಿದುಬಿಡಬಹುದಿತ್ತಲ್ಲ. ಒಂದು ತಿಂಗಳು ಹತ್ತು ದಿನಕ್ಕೆ ಇಳಕಲ್ಲಿಗೆ ತಿರುಗಿ ಹೋದೆ. ಮಾವನವರು ಎಂಟು ದಿನ ನನ್ನ ಸಂಗಡ ಮಾತಾಡಲಿಲ್ಲ. ಅತ್ತೆ ಎಡಗೈಯಲ್ಲಿ ಉಣ್ಣುವುದನ್ನು ಕಲಿತಿದ್ದಳು, ಗಂಡ ಆಕೆಯನ್ನು ಹೊರಳಿಸುವುದನ್ನು ಕಲಿತಿದ್ದರು. ಮತ್ತೆ ಅದೇ ಗಾಡಿ, ಅದೇ ಹಿಂದಿನ ಸೀಟು, ಅದೇ ‘ಬಾಗ್ರಿ’. ಇಳಿದದ್ದು ಒಂದೇ ಸಲ.

ಆದರೆ ಅಂದು, ಗಾಡಿ ತಿರುವಿನಲ್ಲಿ ಮರೆಯಾದಾಗ, ಅವ್ವ ರಸ್ತೆಯ ಅಂಚಿನಲ್ಲಿ ನನ್ನಿಂದ ಐದಾರು ಹೆಜ್ಜೆ ಹಿಂದೆ ಇದ್ದಳು. ಹೋದ ಗಾಡಿ ಅವಳಿಗೆ ಕಾಣಲಿಲ್ಲ, ಕೇಳಲೂ ಇಲ್ಲ. ನಾನೂ ಅದರಲ್ಲಿ ಹೋದೆ ಎಂದುಕೊಂಡಳು. ಇಳಿಜಾರಿನ ಕಡೆ ಮುಖ ಎತ್ತಿ ನಿಂತು, ‘ಹುಷಾರಿಲೆ ಹೋಗಿ ಬಾ ನನ್ನವ್ವಾ’ ಎಂದಳು. ನಾನು ಅವಳ ಕಡೆ ತಿರುಗಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ತನ್ನಷ್ಟಕ್ಕೆ, ‘ಒಂದೀಟೂ ಕಾಣಲಿಲ್ಲ ಮಾರಿ’ ಎಂದಳು. ಆಮೇಲೆ ಕಟ್ಟೆಯನ್ನು ತಡವಿದಾಗ ಗಂಟು ಕೈಗೆ ಸಿಕ್ಕಿತು. ‘ಅಯ್ಯ, ರೊಟ್ಟಿ ಕೊಡೂದ ಮರತೆ’ ಎಂದು ಅದನ್ನು ಎದೆಗವಚಿಕೊಂಡಳು.

‘ಅವ್ವಾ’ ಎಂದೆ.

ಅವಳು ಗಡಬಡಿಸಿ ರಸ್ತೆಯ ಕಡೆ ತಿರುಗಿ ಗಂಟನ್ನು ಮುಂದೆ ಚಾಚಿದಳು, ಓಡಲು ಒಂದು ಕಾಲನ್ನೂ ಎತ್ತಿದಳು. ನಾನು ಹತ್ತಿರ ಹೋಗಿ ಗಂಟನ್ನೂ ಅದನ್ನು ಹಿಡಿದ ಕೈಗಳನ್ನೂ ಹಿಡಿದುಕೊಂಡೆ.

‘ಗಾಡಿ ನಿಂತೈತೇನಬೇ?’ ಎಂದಳು.

‘ಗಾಡಿ ಹೋತವ್ವಾ. ನಾ ನಿಂತೀನಿ.’